ಪೋಲೆಂಡಿನ ಒಗಟುಗಳು

ಒಗಟು ಸಾಹಿತ್ಯವೆನಿಸುವುದೋ ಇಲ್ಲವೋ ಎಂಬ ಚರ್ಚೆ ನಮ್ಮ ಆಲಂಕಾರಿಕರಲ್ಲಿ ಬಹು ಹಿಂದೆಯೇ ಹುಟ್ಟಿದ್ದುಂಟು. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಯ 16 ಭೇದಗಳನ್ನು ಎಣಿಸಿ, ಅದಕ್ಕೆ ಮೂರು ಪ್ರಯೋಜನಗಳನ್ನು ಹೇಳಿರುವನು: ವಿನೋದಗೋಷ್ಠಿಗಳಲ್ಲಿ ಮನಸ್ಸನ್ನು ರಂಜಿಸುವುದು ಒಂದು, ಜನರ ನಡುವೆ ಇದ್ದುಕೊಂಡೇ ಬಲ್ಲವರು ತಮ್ಮತಮ್ಮೊಳಗೆ ಗುಟ್ಟಾಗಿ ಮಾತಾಡಿಕೊಳ್ಳುವುದು ಎರಡು, ಇತರರನ್ನು ದಿಕ್ಕುಗೆಡಿಸುವುದು ಮೂರು. 14ನೆಯ ಶತಮಾನದ ವಿಶ್ವನಾಥನಾದರೋ ಸಾಹಿತ್ಯದರ್ಪಣದಲ್ಲಿ, ಪ್ರಹೇಳಿಕೆಯು ರಸಕ್ಕೆ ವಿರೋಧಿಯಾದುದರಿಂದ ಅದು ಅಲಂಕಾರವೇ ಅಲ್ಲವೆಂದು ತೀರ್ಪು ಕೊಟ್ಟುಬಿಟ್ಟನು. ಯವನ ಪಂಡಿತನಾದ ಅರಿಸ್ಟಾಟಲನು ಇದಕ್ಕೆ ಪ್ರತಿಯಾಗಿ, ಒಳ್ಳೆಯ ಒಗಟುಗಳಿಂದ ಒಳ್ಳೆಯ ರೂಪಕಗಳನ್ನು ಪಡೆಯಬಹುದೆಂದು ತನ್ನ ವಾಗ್ಮಿತಾಶಾಸ್ತ್ರದಲ್ಲಿ ಹೇಳಿದ್ದಾನೆ. ಒಬ್ಬರು ಒಗಟನ್ನು ಕಾವ್ಯದ ಮನೆಯಿಂದ ಹೊರಗೆ ಹಾಕಿದರು; ಇನ್ನೊಬ್ಬರು ಅದನ್ನು ರೂಪಕದ ತವರುಮನೆಯೆಂದರು. ಇಬ್ಬರ ಮಾತೂ ನಿಜವಾಗಿರಲು ಸಾಧ್ಯವೆ? ಇದ್ದರೆ ಯಾವ ಒಗಟಿನ ವಿಷಯದಲ್ಲಿ ಯಾರ ಮಾತು ನಿಜ?

ಈ ಪ್ರಶ್ನೆಯನ್ನು ಪರೀಕ್ಷಿಸಲು ಪೋಲೆಂಡ್ ದೇಶದ ಒಗಟುಗಳು ಬಹಳ ಅನುಕೂಲವಾದವು. ಅಲ್ಲಿ ಮೂರು ಜಾತಿಯ ಒಗಟುಗಳು ಒಂದರ ಪಕ್ಕದಲ್ಲಿ ಒಂದು ಬೆಳೆದುಬಂದಿವೆ. ದೇಶದ ಚರಿತ್ರೆಯನ್ನು ಕುರಿತವು ಕೆಲವು. ಹಳ್ಳಿಯ ಬದುಕನ್ನು ಕುರಿತವು ಹಲವು. ಈಗ ಬಳಕೆ ತಪ್ಪಿಹೋಗಿ ನೋಡಿದವರಿಗೆ ವಿಚಿತ್ರವಾಗಿ ತೋರುವ ಹಳೆಯ ವಸ್ತುಗಳನ್ನು ಕುರಿತವು ಮತ್ತೆ ಕೆಲವು. ಮೂರನ್ನೂ ಒಂದೇ ಹೊರೆಯಾಗಿ ಕಟ್ಟಿ, ‘ಊಹಿಸಿರಿ’ ಎಂದು ಮುಂದಿಡುವುದು ಸುಲಭ. ಆದರೆ ಇವು ಮೂರೂ ಒಂದೇ ಬಗೆಯ ಕೆಲಸವನ್ನು ಮಾಡುವುದಿಲ್ಲ. ಒಂದೇ ತಕ್ಕಡಿಯಲ್ಲಿ ತೂಗಿದರೆ ಮೂರಕ್ಕೂ ಅನ್ಯಾಯವಾಗುವುದು. ಇವುಗಳ ಭೇದವನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪೋಲಿಷ್ ಭಾಷೆಯಲ್ಲಿ ಒಗಟಿಗೆ ‘ಜಗಾದ್ಕ’ ಎಂದು ಹೆಸರು. ಹಿಂದೆ ‘ಗಾದ್ಕ’ ಎಂದೂ ಹೇಳುತ್ತಿದ್ದರು. ‘ಗಾದಾಚ್’ ಎಂದರೆ ಮಾತಾಡುವುದು. ಒಗಟೆಂಬುದು ಮೊದಲಿಗೆ ಓದುವ ವಸ್ತುವಲ್ಲ, ಎದುರೆದುರು ಕುಳಿತು ಆಡುವ ಮಾತು ಎಂಬುದನ್ನು ಆ ಪದವೇ ಸಾರುತ್ತದೆ. ಆದರೂ ಪಂಡಿತಕವಿಗಳು ಇದನ್ನು ಕೀಳೆಂದು ಬಿಟ್ಟವರಲ್ಲ. ಪೋಲಿಷ್ ಕಾವ್ಯದ ಪುನರುಜ್ಜೀವನ ಕಾಲದ ಮಹಾಕವಿ ಯಾನ್ ಕೊಖಾನೊವ್‌ಸ್ಕಿಯು 1584ರಲ್ಲಿ ಹೊರಬಂದ ‘ಫ್ರಾಷ್ಕಿ’ ಎಂಬ ಕಿರುಗವಿತೆಗಳ ಸಂಗ್ರಹದಲ್ಲಿ ‘ಗಾದ್ಕ’ ಎಂಬ ಹೆಸರಿನಿಂದಲೇ ಒಂದು ಒಗಟನ್ನಿಟ್ಟಿದ್ದಾನೆ. ಒಂದೇ ಕಣ್ಣಿನ ಪ್ರಾಣಿಯೊಂದನ್ನು ವರ್ಣಿಸಿ, ಉತ್ತರವನ್ನು ಹೇಳದೆ, ಗ್ರಾಮ್ಯವಾದೊಂದು ಅರ್ಥ ಹೊಳೆಯುವಂತೆ ಮಾಡಿ, ಓದುಗನ ಬುದ್ಧಿಯನ್ನಲ್ಲದೆ ನಾಚಿಕೆಯನ್ನೂ ಪರೀಕ್ಷಿಸಿದ್ದಾನೆ. ಹಳ್ಳಿಯವರ ಬಾಯಿಂದ ಒಗಟುಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ನಡೆದದ್ದು 19ನೆಯ ಶತಮಾನದಲ್ಲಿ. ಆಸ್ಕರ್ ಕೋಲ್ಬೆರ್ಗ್ (1814–1890) ಎಂಬ ಮಹನೀಯನು ಸಂಗೀತವನ್ನು ಕಲಿತು, ಲೆಕ್ಕಪತ್ರದ ಕೆಲಸದಿಂದ ಹೊಟ್ಟೆ ಹೊರೆಯುತ್ತ, ಊರೂರು ತಿರುಗಿ ಹಾಡು, ಕುಣಿತ, ಗಾದೆ, ಆಚಾರಗಳೊಡನೆ ಒಗಟುಗಳನ್ನೂ ಕೂಡಿಹಾಕಿದನು. 1887ರಲ್ಲಿ ಮೊದಲಾದ ‘ವಿಸ್ವ’ ಎಂಬ ಪತ್ರಿಕೆಯೂ, 1895ರಲ್ಲಿ ಲ್ವೂಫ್ ನಗರದಲ್ಲಿ ಸ್ಥಾಪಿತವಾದ ಜಾನಪದ ಸಂಘದ ‘ಲೂದ್’ ಪತ್ರಿಕೆಯೂ ಈ ಕೆಲಸವನ್ನು ಮುಂದುವರಿಸಿದವು. ಆಗ ಪೋಲೆಂಡ್ ಎಂಬ ರಾಜ್ಯವೇ ಭೂಪಟದ ಮೇಲಿರಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆ ಮಾತು ಮುಂದೆ ಬೇಕಾಗುವುದು.

ಮೊದಲು ಹಳ್ಳಿಯ ಒಗಟುಗಳನ್ನು ನೋಡೋಣ. ಇವು ಹುಟ್ಟಿದ ಸನ್ನಿವೇಶ ಚಳಿಗಾಲದ ದೀರ್ಘ ಸಂಜೆ. ಹೊರಗೆ ಹಿಮ, ಹೊಲದ ಕೆಲಸ ಇಲ್ಲ. ಹೆಂಗಸರು ಒಂದು ಮನೆಯಲ್ಲಿ ಸೇರಿ ಅಗಸೆಯ ನಾರನ್ನು ನೂಲುವರು, ಇಲ್ಲವೆ ಹಾಸಿಗೆ ದಿಂಬುಗಳಿಗಾಗಿ ಹೆಬ್ಬಾತಿನ ಗರಿಯನ್ನು ಕಡ್ಡಿಯಿಂದ ಬಿಡಿಸುವರು. ಕೈಗೆ ಕೆಲಸವಿದೆ, ಬಾಯಿಗೆ ಬಿಡುವಿದೆ. ಆಗ ಕಥೆ, ಹಾಡು, ಒಗಟು. ಕೇಳುವ ವಸ್ತುವೂ ಬಹುಮಟ್ಟಿಗೆ ಆ ಕೋಣೆಯಲ್ಲಿಯೇ, ಅಥವಾ ಅದರ ಬಾಗಿಲಿನಾಚೆ ಅಂಗಳದಲ್ಲಿಯೇ ಇರುವುದು.

ಪೋಲೆಂಡಿನಲ್ಲಿಯೂ ನೆರೆಯ ಸ್ಲಾವ್ ನಾಡುಗಳಲ್ಲಿಯೂ ಪ್ರಸಿದ್ಧವಾದ ಒಂದು ಒಗಟಿನ ಭಾವವಿದು: ಕಾಡಿಗೆ ಹೋಗುವಾಗ ಅದರ ಮುಖ ಮನೆಯ ಕಡೆಗೆ, ಮನೆಗೆ ಬರುವಾಗ ಮುಖ ಕಾಡಿನ ಕಡೆಗೆ. ಉತ್ತರ, ಹೆಗಲ ಮೇಲಿನ ಕೊಡಲಿ. ಇದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇಲ್ಲ. ಕೊಡಲಿಯನ್ನು ಹೆಗಲಿಗೇರಿಸಿದಾಗ ಅದರ ಬಾಯಿ ಹಿಂದಕ್ಕೆ ತಿರುಗಿರುವುದನ್ನು ದಿನವೂ ನೋಡಿದ್ದೇವೆ, ನೋಡಿಯೂ ಕಂಡಿರಲಿಲ್ಲ. ಉತ್ತರವನ್ನು ಕೇಳಿದೊಡನೆ ಬರಿಯ ಕಬ್ಬಿಣದ ತುಂಡಿಗೆ ಮನೆಯ ಹಂಬಲವೊಂದು ಬಂದುಬಿಡುತ್ತದೆ. ಮನೆ ಬಿಟ್ಟು ಹೊರಡುವಾಗ ಹಿಂದಿರುಗಿ ನೋಡುವುದು, ಮನೆಗೆ ಬಂದ ಮೇಲೆ ಬಿಟ್ಟುಬಂದುದನ್ನು ನೆನೆಯುವುದು: ಇದು ಕೊಡಲಿಯ ಸ್ವಭಾವವೋ, ಅದನ್ನು ಹೊತ್ತವನ ಸ್ವಭಾವವೋ? ವಿಶ್ವನಾಥನು ರಸಕ್ಕೆ ಅಡ್ಡಿ ಎಂದುದು ಇಂತಹ ಒಗಟಿಗೆ ಅನ್ವಯಿಸುವುದೆಂದು ನಮಗೆ ತೋರುವುದಿಲ್ಲ. ಅಡ್ಡಿಯಿರುವುದು ಉತ್ತರ ತಿಳಿಯುವ ತನಕ. ರಸ ಹುಟ್ಟುವುದು ತಿಳಿದ ಮರುಕ್ಷಣ.

ಇಂತಹುದೇ ಇನ್ನೊಂದು: ತಂದೆ ಇನ್ನೂ ಹುಟ್ಟುತ್ತಲೇ ಇದ್ದಾನೆ, ಮಗ ಆಗಲೇ ಮಾಳಿಗೆಯೇರಿದ್ದಾನೆ. ಬೆಂಕಿ ಹೊತ್ತುವ ಮೊದಲೇ ಹೊಗೆ ಸೂರಿನ ಮೇಲೆ ಕಾಣಿಸಿಕೊಳ್ಳುವುದನ್ನು ಒಲೆ ಹಚ್ಚಿದವರೆಲ್ಲರೂ ಬಲ್ಲರು. ಕಾರ್ಯವು ಕಾರಣಕ್ಕಿಂತ ಮುಂದೆ ಓಡಿತೆಂಬ ಈ ಚಮತ್ಕಾರಕ್ಕೆ ನಮ್ಮ ಶಾಸ್ತ್ರಕಾರರು ಅತಿಶಯೋಕ್ತಿಯ ಒಂದು ಭೇದವೆಂದು ಹೆಸರಿಟ್ಟು ಲಕ್ಷಣ ಬರೆದರು. ಹಸಿ ಸೌದೆಯನ್ನು ಊದುತ್ತ ಕುಳಿತ ಹೆಂಗಸೊಬ್ಬಳಿಗೆ ಅದು ಲಕ್ಷಣವಿಲ್ಲದೆಯೇ ಹೊಳೆಯಿತು.

ಇಂತಹ ಒಗಟುಗಳೆಲ್ಲವೂ ಪೋಲರ ಸ್ವಂತ ಆಸ್ತಿಯೇ ಎಂದು ಕೇಳಿದರೆ ಅಲ್ಲವೆನ್ನಬೇಕಾಗುವುದು. ಬಿಳಿಯ ಹೊಲದಲ್ಲಿ ಕರಿಯ ಬೀಜವನ್ನು ಬಿತ್ತುವ ಒಗಟು ಪೋಲೆಂಡಿನಲ್ಲಿಯೂ ಉಂಟು. ಉತ್ತರ, ಕಾಗದ ಮತ್ತು ಬರೆಹ. ಇದೇ ಕಲ್ಪನೆ ಇಟಲಿಯ ವೆರೋನಾ ನಗರದ ಒಂದು ಹಳೆಯ ಹಸ್ತಪ್ರತಿಯ ಅಂಚಿನಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಬರೆದುದು ದೊರೆತಿದೆ. ಒಗಟಿಗೆ ಗಡಿಕಾವಲಿಲ್ಲ. ಆದರೆ ಒಗಟು ಬೇರೆ ನೆಲಕ್ಕೆ ಬಂದಾಗ ಅದರ ತೂಕ ಬೇರೆಯಾಗುವುದು. ವೆರೋನಾದಲ್ಲಿ ಅದನ್ನು ಬರೆದವನು ಲೇಖಕ. ತನ್ನ ಲೇಖನಿಯನ್ನು ನೇಗಿಲೆಂದು ಬಗೆದು ಹೆಮ್ಮೆಪಟ್ಟನು. ಪೋಲೆಂಡಿನ ರೈತನ ಬಾಯಲ್ಲಿ ಅದೇ ಒಗಟು ಬಂದಾಗ ಅವನಿಗೆ ನೇಗಿಲು ಗೊತ್ತು, ಲೇಖನಿ ಗೊತ್ತಿಲ್ಲ. ಒಡೆಯನ ಜಮೀನಿನಲ್ಲಿ ಬಿಟ್ಟಿ ದುಡಿಯುವವನಿಗೆ, ಆ ಕರಿಯ ಬೀಜದಿಂದ ಬೆಳೆಯುವ ಬೆಳೆ ತನ್ನ ಪಾಲಿಗಲ್ಲವೆಂಬ ಅರಿವೂ ಇದ್ದೀತು. ಮಾತು ಒಂದೇ, ಆಡುವವನು ಬದಲಾದರೆ ಅರ್ಥ ಬದಲಾಗುತ್ತದೆ. ಆದುದರಿಂದ ಒಗಟನ್ನು ಅಚ್ಚುಹಾಕುವವರು ಯಾರು, ಎಲ್ಲಿ, ಯಾವಾಗ ಹೇಳಿದರೆಂಬುದನ್ನು ಬಿಟ್ಟು ಬರಿಯ ಪ್ರಶ್ನೋತ್ತರಗಳನ್ನು ಉಳಿಸಿಕೊಂಡರೆ ತೆಂಗಿನಕಾಯಿಯ ಚಿಪ್ಪನ್ನಿಟ್ಟುಕೊಂಡು ತಿರುಳನ್ನೆಸೆದಂತಾಗುವುದು.

ಕೆಲವು ಒಗಟುಗಳಾದರೋ ಭಾಷೆಯ ಗಡಿಯನ್ನು ದಾಟಲಾರವು. ಪೋಲಿಷಿನಲ್ಲಿ ‘ಝುರಾವ್’ ಎಂದರೆ ನೀಳ ಕೊರಳಿನ ಕ್ರೌಂಚಪಕ್ಷಿ. ಬಾವಿಯ ಏತಕ್ಕೂ ಅದೇ ಹೆಸರು. ಭಾರ ಎತ್ತುವ ಯಂತ್ರಕ್ಕೂ ಅದೇ ಹೆಸರಾಗಿ, ಗ್ದಾನ್ಸ್ಕ್ ರೇವಿನ ಅಂಚಿನಲ್ಲಿ 15ನೆಯ ಶತಮಾನದಲ್ಲಿ ಕಟ್ಟಿದ ಮರದ ದೊಡ್ಡ ಯಂತ್ರಗೋಪುರವನ್ನು ಜನ ಇಂದಿಗೂ ಝುರಾವ್ ಎಂದೇ ಕರೆಯುವರು. ಒಳಗಿನ ದೊಡ್ಡ ಚಕ್ರಗಳಲ್ಲಿ ಆಳುಗಳು ನಡೆಯುತ್ತ ಅದನ್ನು ತಿರುಗಿಸುತ್ತಿದ್ದರು. 1945ರ ಯುದ್ಧದಲ್ಲಿ ಸುಟ್ಟುಹೋದುದನ್ನು ಮತ್ತೆ ಕಟ್ಟಿದ್ದಾರೆ. ಹಕ್ಕಿ, ಹಳ್ಳಿಯ ಬಾವಿ, ನಗರದ ರೇವು ಈ ಮೂರನ್ನೂ ಒಂದು ಪದ ಹೊತ್ತು ನಿಂತಿದೆ. ಬಗ್ಗಿ ನೀರಿಗೆ ಕೊಕ್ಕಿಟ್ಟು, ಮೇಲೆದ್ದು, ತಾನು ಮಾತ್ರ ಒಂದು ಹನಿಯನ್ನೂ ಕುಡಿಯದ ಕ್ರೌಂಚ ಯಾವುದೆಂದು ಕೇಳಿದರೆ ಪೋಲಿಷ್ ಬಾಲಕನಿಗೆ ಅದು ಶ್ಲೇಷದ ಒಗಟು. ಕನ್ನಡದಲ್ಲಿ ಹಾಗೆಯೇ ಕೇಳಿದರೆ ಬರಿಯ ರೂಪಕ. ‘ಜಾಮೆಕ್’ ಎಂಬ ಪದವೂ ಹೀಗೆಯೇ. ಅದು ಅರಸರ ಕೋಟೆಮನೆಯೂ ಹೌದು, ಬಾಗಿಲಿನ ಬೀಗವೂ ಹೌದು. ರಾಜನು ವಾಸಿಸುವ ಜಾಮೆಕ್ಕನ್ನು ರೈತನು ತನ್ನ ಕದಕ್ಕೆ ತೂಗಹಾಕುವನೆಂಬ ವಿನೋದವನ್ನು ಅನುವಾದಿಸುವುದೆಂತು? ವಿವರಣೆಯಿಲ್ಲದೆ ಅರ್ಥವಾಗದು, ವಿವರಿಸಿದರೆ ವಿನೋದ ಉಳಿಯದು. ರೂಪಕದ ಒಗಟು ಪ್ರಯಾಣ ಮಾಡುವುದು. ಶ್ಲೇಷದ ಒಗಟು ಮನೆಯಲ್ಲಿಯೇ ಉಳಿಯುವುದು. ಒಗಟುಗಳನ್ನು ಭಾಷಾಂತರಿಸ ಹೊರಟವರು ಈ ಭೇದವನ್ನು ಮೊದಲು ತಿಳಿಯತಕ್ಕದ್ದು.

ಇನ್ನು ಚರಿತ್ರೆಯ ಒಗಟುಗಳು. ಪೋಲೆಂಡನ್ನು 1333ರಿಂದ 1370ರ ವರೆಗೆ ಆಳಿದ ಕಾಜಿಮಿಯೆಷ್ ಮಹಾರಾಜನು ಮರದ ನಾಡನ್ನು ಪಡೆದು ಇಟ್ಟಿಗೆಗಲ್ಲಿನ ನಾಡನ್ನು ಬಿಟ್ಟುಹೋದನೆಂದು ಅಲ್ಲಿ ಗಾದೆಯುಂಟು. ಇದನ್ನೇ ತಿರುಗಿಸಿ ‘ಮರವನ್ನು ಪಡೆದು ಕಲ್ಲನ್ನು ಬಿಟ್ಟವನಾರು?’ ಎಂದು ಕೇಳಿದರೆ ನೋಟಕ್ಕೆ ಒಗಟಿನಂತೆಯೇ ಇದೆ. ಆದರೆ ಒಗಟೆ? ಕೊಡಲಿಯನ್ನು ಕಂಡವನು, ಪೋಲಿಷ್ ಚರಿತ್ರೆಯ ಗಂಧವೇ ಇಲ್ಲದವನಾದರೂ, ಆಲೋಚಿಸಿ ಆ ಒಗಟನ್ನು ಒಡೆಯಬಲ್ಲನು. ಕಾಜಿಮಿಯೆಷನ ಹೆಸರನ್ನು ಎಷ್ಟು ಆಲೋಚಿಸಿದರೂ ಊಹಿಸಲಾಗದು. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಮೊದಲನೆಯದು ದೃಷ್ಟಿಯ ಪರೀಕ್ಷೆ, ಎರಡನೆಯದು ನೆನಪಿನ ಪರೀಕ್ಷೆ. ಇಂತಹ ಪ್ರಶ್ನೆಗಳಿಂದ ಬಾಲಕರು ಚರಿತ್ರೆಯನ್ನು ಸಂತೋಷದಿಂದ ಕಲಿಯುವರೆಂದು ಉಪಾಧ್ಯಾಯರು ಹೇಳಿದರೆ ಅದನ್ನು ನಾವು ಅಲ್ಲಗಳೆಯುವುದಿಲ್ಲ. ಔಷಧಕ್ಕೆ ಜೇನು ಬೆರೆಸಿದರೆ ಒಳ್ಳೆಯದೇ. ಅದನ್ನು ಜೇನೆಂದು ಮಾರಬಾರದಷ್ಟೆ.

ಹಾಗಾದರೆ ಚರಿತ್ರೆಯ ಒಗಟು ನಿಷ್ಪ್ರಯೋಜಕವೆ? ಇಲ್ಲಿಯೇ ದಂಡಿಯ ಎರಡನೆಯ ಪ್ರಯೋಜನ ನೆನಪಿಗೆ ಬರುವುದು. ರಷ್ಯ, ಪ್ರಷ್ಯ, ಆಸ್ಟ್ರಿಯ ಈ ಮೂರು ದೊಡ್ಡ ರಾಜ್ಯಗಳು 1772, 1793 ಮತ್ತು 1795ರಲ್ಲಿ ಪೋಲೆಂಡನ್ನು ತಮ್ಮೊಳಗೆ ಹಂಚಿಕೊಂಡವು. (ಎರಡನೆಯ ಹಂಚಿಕೆಯಲ್ಲಿ ಆಸ್ಟ್ರಿಯಕ್ಕೆ ಪಾಲಿರಲಿಲ್ಲ.) ಮತ್ತೆ ಸ್ವತಂತ್ರ ರಾಜ್ಯವಾದುದು 1918ರಲ್ಲಿ. ನಡುವಣ 123 ವರ್ಷ ನಾಡಿಗೆ ಹೆಸರುಂಟು, ಗಡಿಯಿಲ್ಲ. ಇಂತಹ ಕಾಲದಲ್ಲಿ ಹಳೆಯ ಅರಸನೊಬ್ಬನ ಹೆಸರನ್ನು ಸೂಚನೆಯಿಂದ ಕೇಳುವುದೂ, ಕೇಳಿದವನು ಕಣ್ಣರಳಿಸಿ ಉತ್ತರ ಹೇಳುವುದೂ ಬುದ್ಧಿಯ ಆಟವಲ್ಲ, ಗುರುತಿನ ಮಾತು. ‘ನೀನು ನಮ್ಮವನೆ?’ ಎಂಬುದೇ ಅಲ್ಲಿನ ನಿಜವಾದ ಪ್ರಶ್ನೆ. ಜನರ ನಡುವೆ ಬಲ್ಲವರು ತಮ್ಮೊಳಗೆ ಆಡುವ ಗುಟ್ಟೆಂದು ದಂಡಿ ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಗುರುತಿನ ಮಾತಿಗೆ ಬೆಲೆ ಬರುವುದು ಅಪಾಯವಿದ್ದಾಗ. ಅಪಾಯ ಕಳೆದ ಮೇಲೆ ಅದೇ ಪ್ರಶ್ನೆ ಪಾಠಶಾಲೆಯ ಬಾಯಿಪಾಠವಾಗಿ ಉಳಿಯುತ್ತದೆ.

ಈ ಕಾಲದ ಅತಿ ಪ್ರಸಿದ್ಧವಾದ ಒಗಟನ್ನು ಇಟ್ಟವನು ಕವಿ ಆದಾಮ್ ಮಿತ್ಸ್ಕಿಯೇವಿಚ್. 1830ರ ನವೆಂಬರಿನಲ್ಲಿ ರಷ್ಯದ ವಿರುದ್ಧ ಎದ್ದ ದಂಗೆ ಮರುವರ್ಷ ಮುರಿದುಬಿದ್ದ ಮೇಲೆ, 1832ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಅವನು ಬರೆದ ‘ಜ್ಯಾದಿ’ ನಾಟಕದ ಮೂರನೆಯ ಭಾಗದಲ್ಲಿ ಪಾದ್ರಿ ಪಿಯೋತ್ರನಿಗೆ ಒಂದು ದರ್ಶನವಾಗುತ್ತದೆ. ನಾಡನ್ನು ಉದ್ಧರಿಸಲು ಬರುವವನೊಬ್ಬನ ಹೆಸರು ಅಲ್ಲಿ ಒಂದು ಸಂಖ್ಯೆಯಿಂದ ಸೂಚಿತವಾಗಿದೆ: 44. ಅವನು ಯಾರು? ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆಯುಂಟು. ‘ಆದಾಮ್’ ಎಂಬ ಹೆಸರಿನ ಮೊದಲಕ್ಷರವನ್ನು ಬಿಟ್ಟು ಉಳಿದ ಎರಡನ್ನು ಕೂಡಿಸಿದರೆ 4 ಮತ್ತು 40 ಸೇರಿ 44 ಆಗುವುದೆಂದೂ, ಕವಿಯು ತನ್ನನ್ನೇ ಹೇಳಿಕೊಂಡನೆಂದೂ ಕೆಲವರು ಸಾಧಿಸಿದರು. ಬೇರೆಯವರು ಬೇರೆ ಹೆಸರುಗಳನ್ನು ಸೂಚಿಸಿದರು. ಒಂದಕ್ಷರವನ್ನು ಬಿಟ್ಟು ಲೆಕ್ಕವನ್ನು ಸರಿಮಾಡಿಕೊಳ್ಳಬೇಕಾದ ಉತ್ತರ ಒಗಟಿಗೆ ತಕ್ಕ ಉತ್ತರವಲ್ಲವೆಂಬುದು ನಮ್ಮ ಅಭಿಪ್ರಾಯ. ಒಳ್ಳೆಯ ಉತ್ತರವು ಬೀಗದೊಳಗೆ ಕೀಲಿಕೈ ತಿರುಗುವಂತೆ ತಿರುಗಬೇಕು; ಅರದಿಂದ ಉಜ್ಜಿ ಕೂರಿಸಬಾರದು. ಮಿತ್ಸ್ಕಿಯೇವಿಚ್ಚನ 44 ನಿಜವಾಗಿ ಒಗಟಲ್ಲ, ಒಗಟಿನ ವೇಷ ತೊಟ್ಟ ಹರಕೆ. ಅದರ ಉತ್ತರ ಹಿಂದೆಲ್ಲಿಯೂ ಇಲ್ಲ. ಮುಂದೆ ಬರಲಿರುವ ದಿನದಲ್ಲಿದೆ. ಸೋತ ಜನಕ್ಕೆ ಉತ್ತರ ಬೇಕಾಗಿರಲಿಲ್ಲ, ಕಾಯುವುದಕ್ಕೆ ಒಂದು ನೆಪ ಬೇಕಾಗಿತ್ತು. ಕಾವ್ಯವಾಗಿ ಅದು ಗೆದ್ದಿತು, ಒಗಟಾಗಿ ಅಲ್ಲ.

ಮೂರನೆಯವು ವಿಚಿತ್ರವಸ್ತುಗಳನ್ನು ಕುರಿತ ಒಗಟುಗಳು. ಬಾಲ್ಟಿಕ್ ಸಮುದ್ರಕ್ಕೆ ಸಮೀಪವಾದ ಕಾಶೂಬಿ ಸೀಮೆಯ ವ್ದ್ಜಿದ್ಜೆ ಗ್ರಾಮದಲ್ಲಿ 1906ರಲ್ಲಿ ಗುಲ್ಗೊವ್‌ಸ್ಕಿ ದಂಪತಿಗಳು ಒಂದು ಹಳೆಯ ರೈತಮನೆಯನ್ನು ಕೊಂಡು, ಅದರೊಳಗೆ ಹಳ್ಳಿಯ ಸಾಮಾನುಗಳನ್ನಿಟ್ಟು ಜನರಿಗೆ ತೋರಿಸಿದರು. ಪೋಲೆಂಡಿನ ಬಯಲು ವಸ್ತುಸಂಗ್ರಹಾಲಯಗಳಲ್ಲಿ ಇದೇ ಹಿರಿಯದು. ಅಲ್ಲಿಂದೀಚೆಗೆ ಇಂತಹವು ಅನೇಕವಾಗಿವೆ. ಅವುಗಳಲ್ಲಿ ಬೀಸುವ ಕಲ್ಲು, ಅಗಸೆಯ ಕಡ್ಡಿಯನ್ನು ಮುರಿದು ನಾರನ್ನು ಬಿಡಿಸುವ ಮರದ ದವಡೆ, ಒಗೆದ ಬಟ್ಟೆಯ ಸುಕ್ಕನ್ನು ತೆಗೆಯುವ ಹಲ್ಲುಹಲ್ಲಾದ ಹಲಗೆ ಮೊದಲಾದವುಗಳ ಮುಂದೆ ನಿಂತ ಮಕ್ಕಳು ‘ಇದೇನು?’ ಎಂದು ಕೇಳುವರು. ಇದೂ ಒಂದು ಒಗಟೇ ಸರಿ. ಆದರೆ ಹಳ್ಳಿಯ ಒಗಟಿನ ತಲೆಕೆಳಗಾದ ರೂಪ. ಹಳ್ಳಿಯ ಒಗಟು ವಸ್ತುವನ್ನು ಮರೆಮಾಡಿ ಮಾತನ್ನು ಮುಂದಿಡುವುದು. ಸಂಗ್ರಹಾಲಯವು ವಸ್ತುವನ್ನು ಮುಂದಿಟ್ಟು ಮಾತನ್ನು ಮರೆಮಾಡುವುದು. ಮೊದಲನೆಯದು ಬಲ್ಲದ್ದನ್ನು ಅಪರಿಚಿತವನ್ನಾಗಿ ಮಾಡಿ ತೋರಿಸುತ್ತದೆ. ಎರಡನೆಯದು ಅಪರಿಚಿತವಾದುದನ್ನು ಪರಿಚಯಮಾಡಿಕೊಡುತ್ತದೆ. ಹೆಸರನ್ನು ತಿಳಿದ ಮಾತ್ರಕ್ಕೆ ವಸ್ತುವನ್ನು ತಿಳಿದಂತಾಗುವುದಿಲ್ಲವಾದುದರಿಂದ ಎರಡನೆಯದಕ್ಕೆ ಮೊದಲನೆಯದರ ನೆರವು ಬೇಕು.

ಒಂದು ಉದಾಹರಣೆಯನ್ನು ಕೊಡುವೆವು. ‘ಬಾಬ್ಕ’ ಎಂದರೆ ಪೋಲಿಷಿನಲ್ಲಿ ಅಜ್ಜಿ. ಹಬ್ಬದ ಒಂದು ಬಗೆಯ ರೊಟ್ಟಿಗೂ, ದಾರಿಬದಿಯಲ್ಲಿ ಬೆಳೆಯುವ ಒಂದು ಮೂಲಿಕೆಗೂ ಅದೇ ಹೆಸರು. ಮರದ ಕೊರಡಿನಲ್ಲಿ ನೆಟ್ಟ ಒಂದು ಚಿಕ್ಕ ಅಡಿಗಲ್ಲಿಗೂ ಹಾಗೆಯೇ ಹೇಳುವರು. ಹುಲ್ಲು ಕೊಯ್ಯುವವನು ತನ್ನ ಕತ್ತಿಯ ಬಾಯನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿತಟ್ಟಿ ತೆಳುವುಮಾಡುವನು. ಗಾಜಿನ ಪೆಟ್ಟಿಗೆಯೊಳಗಿಟ್ಟರೆ ಅದು ಬರಿಯ ಕಬ್ಬಿಣದ ಮೊಳೆ. ‘ಕೊರಡಿನ ಮೇಲೆ ಕುಳಿತ ಅಜ್ಜಿ ತಲೆಯ ಮೇಲೆ ಪೆಟ್ಟು ತಿನ್ನುವಳು, ಹರಿತವಾಗುವವಳು ಮಾತ್ರ ನೆರೆಯವಳು’ ಎಂದು ನಾವೇ ಒಂದು ಒಗಟನ್ನು ಕಟ್ಟಿದೆವೆನ್ನೋಣ. ಈಗ ಆ ಮೊಳೆಗೆ ಒಂದು ಕೆಲಸ, ಒಂದು ಸದ್ದು, ಒಂದು ನೋವು ಕೂಡಿಬಂದುವಲ್ಲವೆ? ಹೆಸರುಚೀಟಿ ಹೇಳಲಾರದುದನ್ನು ಒಗಟು ಹೇಳಿತು. ವಸ್ತು ಸತ್ತ ಮೇಲೂ ಅದನ್ನು ಬಳಸಿದವರು ಅದನ್ನು ನೋಡುತ್ತಿದ್ದ ಬಗೆ ಒಗಟಿನಲ್ಲಿ ಉಳಿದಿರುವುದು. ಒಗಟುಗಳನ್ನು ಸಂಗ್ರಹಿಸಬೇಕಾದ ನಿಜವಾದ ಕಾರಣ ಇದು.

ಈ ಮೂರು ಜಾತಿಗಳೂ ಒಂದೇ ವಸ್ತುವಿನಲ್ಲಿ ಕೂಡಿದರೆ ಹೇಗಿರುವುದೆಂಬುದಕ್ಕೆ ನಿದರ್ಶನ ‘ಕೋಸ’. ನಿಂತು ಬೀಸಿ ಹುಲ್ಲು ಕೊಯ್ಯುವ, ನೀಳ ಹಿಡಿಯ ದೊಡ್ಡ ಕುಡುಗೋಲಿಗೆ ಪೋಲಿಷಿನಲ್ಲಿ ಈ ಹೆಸರು; ಹಳೆಯ ಬಳಕೆಯಲ್ಲಿ ಹೆಣ್ಣಿನ ಜಡೆಗೂ ಇದೇ ಪದ. 1794ರ ಮಾರ್ಚ್ 24ರಂದು ಕ್ರಾಕೂಫ್ ನಗರದ ಪೇಟೆಯ ಬಯಲಿನಲ್ಲಿ ತಾದೇವುಷ್ ಕೊಶ್ಚೂಷ್ಕೊ ನಾಡನ್ನು ಬಿಡಿಸುವ ಪ್ರತಿಜ್ಞೆ ಮಾಡಿದನು. ರೈತರು ಅವನ ಪಡೆಗೆ ಸೇರಿದರು, ಕೈಯಲ್ಲಿ ಆಯುಧವಿಲ್ಲ. ಕುಡುಗೋಲಿನ ಅಲಗನ್ನು ಅಡ್ಡಲಾಗಿರುವುದನ್ನು ತಿರುಗಿಸಿ, ಹಿಡಿಗೆ ನೇರವಾಗಿ ನಿಲ್ಲುವಂತೆ ಕೂರಿಸಿಕೊಂಡರು. ಕೊಯ್ಯುವ ಸಾಧನ ಇರಿಯುವ ಭರ್ಜಿಯಾಯಿತು. ಏಪ್ರಿಲ್ 4ರಂದು ರಾತ್ಸ್ವಾವಿತ್ಸೆ ಗ್ರಾಮದ ಬಳಿ ಇವರು ರಷ್ಯದ ಫಿರಂಗಿಗಳ ಮೇಲೆ ನುಗ್ಗಿ ಹಿಡಿದರು. ಬಾರ್ತೊಷ್ ಗ್ವೊವಾತ್ಸ್ಕಿ ಎಂಬ ರೈತನು ಉರಿಯುವ ಬತ್ತಿಯನ್ನು ತನ್ನ ಟೊಪ್ಪಿಗೆಯಿಂದ ನಂದಿಸಿದನೆಂದು ಪ್ರಸಿದ್ಧಿ. ಮೇ 7ರ ಪೊವಾನಿಯೆತ್ಸ್ ಘೋಷಣೆಯಿಂದ ರೈತರಿಗೆ ದೇಹಸ್ವಾತಂತ್ರ್ಯವೂ ಬಿಟ್ಟಿದುಡಿಮೆಯಲ್ಲಿ ರಿಯಾಯಿತಿಯೂ ಉಂಟೆಂದು ಸಾರಲಾಯಿತು. ಆದರೆ ಅದೇ ವರ್ಷ ದಂಗೆ ಸೋತಿತು. ಮರುವರ್ಷ ನಾಡು ಅಳಿಯಿತು. ಈ ಯುದ್ಧವನ್ನು ಯಾನ್ ಸ್ತಿಕ, ವೊಯ್ಚೆಖ್ ಕೊಸ್ಸಾಕ್ ಮೊದಲಾದವರು 1893–94ರಲ್ಲಿ ಲ್ವೂಫಿನಲ್ಲಿ ನೂರು ಮೀಟರಿಗೂ ಮೀರಿದ ಸುತ್ತುಚಿತ್ರವಾಗಿ ಬರೆದರು. 1985ರಿಂದ ಅದು ವ್ರೊತ್ಸ್ವಾಫ್ ನಗರದಲ್ಲಿ ಪ್ರದರ್ಶಿತವಾಗಿದೆ.

ಈಗ ಒಂದು ಒಗಟನ್ನು ಕೇಳೋಣ: ಮಲಗಿದಾಗ ಅನ್ನ ಕೊಡುವುದು, ಎದ್ದು ನಿಂತಾಗ ಪ್ರಾಣ ತೆಗೆಯುವುದು, ಅದು ಯಾವುದು? ಇದು ನಮ್ಮ ರಚನೆಯೇ ಹೊರತು ಸಂಗ್ರಹಗಳಿಂದ ತೆಗೆದುದಲ್ಲ. ಉತ್ತರ ಕೋಸ. ಅಡ್ಡಲಾಗಿದ್ದಾಗ ಅದು ಹಳ್ಳಿಯ ಬದುಕು; ನೆಟ್ಟಗಾದಾಗ ಚರಿತ್ರೆ; ಇಂದು ಗೋಡೆಗೆ ತೂಗುಹಾಕಿರುವಾಗ ವಿಚಿತ್ರವಸ್ತು. ಇದನ್ನು ಒಡೆಯಲು ಇಸವಿಯನ್ನು ಬಾಯಿಪಾಠ ಮಾಡಿರಬೇಕಾಗಿಲ್ಲ. ವಸ್ತುವನ್ನು ನೋಡಿದವನಿಗೆ ಉತ್ತರ ಹೊಳೆಯುವುದು. ಹೊಳೆದ ಮೇಲೆ ಇಸವಿಯನ್ನು ತಿಳಿಯಬೇಕೆಂಬ ಆಸೆ ತಾನಾಗಿ ಹುಟ್ಟುವುದು. ಚರಿತ್ರೆಯನ್ನು ಒಗಟಿನಲ್ಲಿ ತರಬೇಕಾದರೆ ಅರಸರ ಹೆಸರುಗಳ ದಾರಿಯಿಂದಲ್ಲ, ಜನರ ಕೈಯಲ್ಲಿದ್ದ ವಸ್ತುಗಳ ದಾರಿಯಿಂದ ತರಬೇಕೆಂಬುದಕ್ಕೆ ಇದೊಂದು ಸಾಕ್ಷಿ.

ಇಷ್ಟರಿಂದ ಒಗಟನ್ನು ಪರೀಕ್ಷಿಸುವ ಮೂರು ನಿಯಮಗಳು ದೊರೆತಂತಾಯಿತು. ಉತ್ತರಕ್ಕೆ ಬೇಕಾದುದೆಲ್ಲವೂ ಕೇಳುವವನ ಅನುಭವದಲ್ಲಿರಬೇಕು. ಇಲ್ಲದಿದ್ದರೆ ಅದು ಪರೀಕ್ಷೆಯಾಗುವುದು. ದಾರಿ ತಪ್ಪಿಸಿದರೂ ಸುಳ್ಳು ಹೇಳಬಾರದು. ಹೇಳಿದರೆ ಅದು ಮೋಸವಾಗುವುದು. ಉತ್ತರ ತಿಳಿದ ಮೇಲೆ ವಸ್ತುವು ಹಿಂದಿಗಿಂತ ಹೆಚ್ಚಾಗಿ ಕಾಣಬೇಕು. ಕಾಣದಿದ್ದರೆ ಅದು ಕಾಲಹರಣವಾಗುವುದು. ವಿಶ್ವನಾಥನ ತೀರ್ಪು ಈ ನಿಯಮಗಳಲ್ಲಿ ಸೋತ ಒಗಟುಗಳಿಗೆ ನ್ಯಾಯವಾಗಿಯೇ ಸಲ್ಲುವುದು; ಗೆದ್ದವುಗಳ ವಿಷಯದಲ್ಲಿ ಅರಿಸ್ಟಾಟಲನ ಮಾತು ನಿಲ್ಲುವುದು. ಪೋಲೆಂಡಿನ ಒಗಟುಗಳನ್ನು ಕೂಡಿಸಿ ಪುಸ್ತಕ ಮಾಡುವವರು ಚರಿತ್ರೆಯ ಪ್ರಶ್ನೆಗಳನ್ನು ಪ್ರಶ್ನೆಗಳೆಂದೇ ಬೇರೆಯಾಗಿಟ್ಟು, ಹಳ್ಳಿಯ ಒಗಟಿನ ಪಕ್ಕದಲ್ಲಿ ಅದನ್ನು ಹೇಳಿದ ಸಂಜೆಯನ್ನೂ ಉತ್ತರದ ವಸ್ತುವಿನ ಚಿತ್ರವನ್ನೂ ಕೊಟ್ಟರೆ ಓದುಗನಿಗೆ ಮಹೋಪಕಾರವಾಗುವುದು. ಕೊಡಲಿಯನ್ನು ಹೆಗಲಿಗೇರಿಸಿ ಕಾಡಿಗೆ ಹೋಗುವವರು ಆ ನಾಡಿನಲ್ಲಿಯೂ ವಿರಳವಾಗುತ್ತಿದ್ದಾರೆ. ಅದು ಮನೆಯ ಕಡೆಗೆ ನೋಡುತ್ತಿದ್ದಿತೆಂಬುದನ್ನು ಯಾರಾದರೂ ಬರೆದಿಡದಿದ್ದರೆ ಮುಂದಿನವರಿಗೆ ಕಬ್ಬಿಣ ಮಾತ್ರ ಉಳಿಯುವುದು.